ಅಕ್ಕೋರು ನಕ್ಷೆಯಲ್ಲಿ ಹುಡುಕಿದ್ದು

ಹುಬ್ಬಳ್ಳಿಯ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಮುಂಡಗೋಡದ ಹೆಣ್ಣುಮಗಳೊಬ್ಬರು ಮಾತಿನ ನಡುವೆ ಹೇಳಿದರು: "ನಮ್ಮೂರಾಗ ಒಬ್ರು ವಯಸ್ಸಾದ ಅಕ್ಕೋರಿದ್ರಲ್ರೀ, ಹ್ವಾದ ಮಳಿಗಾಲದಾಗ ತೀರಿಕೊಂಡ್ರು. ಎಂಥಾ ಗಡಿಬಿಡಿ ಜೀವ ಅಂತೀರಿ! ಒಂದ ಕಡೆ ನಿಂತಾಕಿ ಅಲ್ಲ."

ಯಾವ ಅಕ್ಕೋರು ಎಂದು ನಾನು ಕೇಳಬೇಕಾಗಲಿಲ್ಲ. ಎಲೆಯ ಮೇಲಿನ ಹೋಳಿಗೆ ಹಾಗೇ ಉಳಿಯಿತು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಅವರಿಗೂ ಒಂದು ಹೆಸರಿತ್ತು, ಒಳ್ಳೆಯ ಹೆಸರೇ. ಆದರೆ ನಾವು ಯಾರೂ ಅದನ್ನು ಬಾಯಿಬಿಟ್ಟು ಅಂದವರಲ್ಲ. ಈಗ ಬರೆಯಲೂ ಕೈ ಬರುವುದಿಲ್ಲ.

ಅವರು ದಾಂಡೇಲಿಗೆ ಬಂದಾಗ ದಾಂಡೇಲಿ ಇನ್ನೂ ಊರಾಗುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ಕಾಗದದ ಮಿಲ್ಲಿನ ಭೋಂಗಾ ಕೂಗಿದಾಗ ಒಂದು ಪಾಳಿಯ ಜನ ಒಳಗೆ, ಇನ್ನೊಂದು ಪಾಳಿಯ ಜನ ಹೊರಗೆ. ಬಿದಿರು ಹೇರಿದ ಟ್ರಕ್ಕುಗಳು ಕೆಂಪು ಧೂಳೆಬ್ಬಿಸಿಕೊಂಡು ಹಗಲೆಲ್ಲ ಓಡಾಡುತ್ತಿದ್ದವು. ಬೀದಿಯಲ್ಲಿ ಒಂದು ಮನೆಯಿಂದ ಕನ್ನಡ, ಮುಂದಿನ ಮನೆಯಿಂದ ಮರಾಠಿ, ಅದರಾಚೆ ಕೊಂಕಣಿ, ಉರ್ದು, ತೆಲುಗು ಕೇಳುತ್ತಿತ್ತು. ಯಾರನ್ನು ಕಂಡರೂ ಮೊದಲು ಕೇಳುವ ಮಾತು "ನಿಮ್ದು ಖರೇ ಊರು ಯಾವ್ದು?" ನಮ್ಮದು ಹಳಿಯಾಳದ ಹತ್ತಿರದ ಹಳ್ಳಿ. ಅಪ್ಪ ಮರದ ಡಿಪೋದಲ್ಲಿ ಕಾರಕೂನ. ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಹೈಸ್ಕೂಲು ಎಂದರೆ ಯಾರೋ ಬಿಟ್ಟುಕೊಟ್ಟ ಹಳೆಯ ಗೋದಾಮು. ತಗಡಿನ ಮಾಡು, ನಡುನಡುವೆ ಬಿದಿರಿನ ತಟ್ಟಿ ನಿಲ್ಲಿಸಿ ಮಾಡಿದ ವರ್ಗಗಳು. ಪಕ್ಕದ ವರ್ಗದ ಇತಿಹಾಸ ನಮ್ಮ ಗಣಿತದೊಳಗೆ ಬಂದು ಕೂಡುತ್ತಿತ್ತು. ಮಳೆ ಹಿಡಿಯಿತೆಂದರೆ ಯಾವ ಪಾಠವೂ ಕೇಳುತ್ತಿರಲಿಲ್ಲ.

ಅಂಥಲ್ಲಿಗೆ ಧಾರವಾಡದಿಂದ ವಿಜ್ಞಾನ ಕಲಿಸಲು ಅಕ್ಕೋರು ಬಂದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಜೊತೆಗೆ ಯಾರೂ ಇಲ್ಲ. ಮದುವೆಯಾಗಿತ್ತೋ ಇಲ್ಲವೋ ಎಂಬ ವಿಚಾರಣೆಯಲ್ಲಿ ಓಣಿಯ ಹೆಂಗಸರು ಬಹಳ ದಿನ ಕಳೆದರು. ಉತ್ತರ ಸಿಗಲಿಲ್ಲ. ಕೇಳಬೇಕೆಂದರೆ ಅವರು ನಿಂತರೆ ತಾನೆ? ಕೇಳುವವರು ಬಾಯಿ ತೆರೆಯುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಸೆರಗು ಮರೆಯಾಗಿರುತ್ತಿತ್ತು. ಬಂದ ವರ್ಷದಲ್ಲೇ ಮೇಲಿಂದ ಮೇಲೆ ಮನೆ ಬದಲಿಸಿದರು. ಒಂದರಲ್ಲಿ ಗಾಳಿ ಇಲ್ಲ, ಇನ್ನೊಂದರಲ್ಲಿ ಮಾಲಕಿಣಿಯ ಮಾತು ಹೆಚ್ಚು, ಮತ್ತೊಂದಕ್ಕೆ ಕಾರಣವೇ ಇಲ್ಲ. ರವಿವಾರ ಬಂತೆಂದರೆ ಯಾವುದಾದರೂ ಬಸ್ಸು ಹತ್ತುವರು. ರಾಮನಗರ, ಜೋಯಿಡಾ, ಹಳಿಯಾಳ, ಯಾವುದು ಮೊದಲು ಹೊರಟರೆ ಅದು. ಸಂಜೆಗೆ ತಿರುಗಿ ಬರುವರು. "ಏನ್ ಕೆಲಸಿತ್ರಿ ಅಕ್ಕೋರ?" ಎಂದು ನನ್ನವ್ವ ಒಮ್ಮೆ ಕೇಳಿದಾಗ, "ಏನೂ ಇಲ್ರಿ. ಈ ರಸ್ತೆ ಎಲ್ಲಿ ಹೋಗ್ತೈತಿ ನೋಡಿ ಬಂದೆ" ಅಂದರಂತೆ.

ವರ್ಗದಲ್ಲೂ ಹಾಗೆಯೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕರಿಹಲಗೆಯಿಂದ ಹಿಂದಿನ ಬೆಂಚಿನವರೆಗೆ ಹೋಗುವುದು, ಬರುವುದು. ಹೃದಯದ ಪಾಠ ಬಂದ ದಿನ ಎಲ್ಲರನ್ನೂ ಹೊರಗೆ ಎಬ್ಬಿಸಿಕೊಂಡು ಹೋದರು. ಹುಡುಗಿಯರನ್ನೂ ಬಿಡದೆ ಗೋದಾಮಿನ ಸುತ್ತ ಓಡಿಸಿ, ಏದುಸಿರಿನಲ್ಲಿ ನಿಲ್ಲಿಸಿ, "ಈಗ ಕೈ ಹಿಡಕೊಂಡು ನೋಡ್ರಿ, ಬಡಿತೈತಿಲ್ಲೋ? ಇದ ಪಾಠ. ಪುಸ್ತಕದಾಗಿನ ಚಿತ್ರ ಬಡಿಯೂದಿಲ್ಲ" ಅಂದರು. ಉತ್ತರ ಬಾರದೆ ತಲೆ ತಗ್ಗಿಸಿ ನಿಂತವರನ್ನು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. "ಗೊತ್ತಿಲ್ಲ ಅಂತಾದ್ರೂ ಅನ್ನು. ಸುಮ್ಮ ನಿಲ್ಲಬ್ಯಾಡ!"

ಸುಮ್ಮನೆ ನಿಲ್ಲುವುದರಲ್ಲಿ ನಾವು ಹುಡುಗಿಯರು ಪಳಗಿದ್ದೆವು. ನಮ್ಮ ವರ್ಗದಲ್ಲಿ ಹುಡುಗಿಯರು ಒಂದೇ ಬೆಂಚು ತುಂಬುವಷ್ಟು. ನನ್ನ ಪಕ್ಕ ಕೂಡುತ್ತಿದ್ದವಳು ಶಾಂತಾ. ಹಳಿಯಾಳ ಕಡೆಯ ಒಕ್ಕಲುತನದ ಮನೆಯ ಹುಡುಗಿ. ದಾಂಡೇಲಿಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಸೋದರಮಾವನ ಮನೆಯಲ್ಲಿ ಇದ್ದು ಕಲಿಯುತ್ತಿದ್ದಳು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಅಕ್ಷರ ಮುತ್ತಿನ ಹಾಗೆ. ಬೀಜಗಣಿತದಲ್ಲಿ ಹುಡುಗರು ಅವಳ ಮುಂದೆ ನಿಲ್ಲುತ್ತಿರಲಿಲ್ಲ.

ಒಂದು ದಿನ ಬಿಸಿಲು ಜೋರಾಗಿದ್ದ ಹೊತ್ತಿನಲ್ಲಿ ಶಾಂತಾ ಲೆಕ್ಕ ಬಿಡಿಸಲು ಹಲಗೆಯ ಹತ್ತಿರ ಹೋದವಳು ಹಾಗೇ ಕುಸಿದುಬಿದ್ದಳು. ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು. ಅಕ್ಕೋರೇ ಅವಳನ್ನು ಟಾಂಗಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ತಿರುಗಿ ಬಂದಾಗ ಅವರ ಮುಖ ಬೇರೆಯಾಗಿತ್ತು. ಹುಡುಗರನ್ನು ಆಟಕ್ಕೆ ಬಿಟ್ಟು ನಮ್ಮ ಬೆಂಚಿನ ಮುಂದೆ ನಿಂತರು.

"ಡಾಕ್ಟರು ಕೇಳ್ತಾರ, ಈ ಹುಡುಗಿ ದಿನಾ ನೀರು ಕುಡಿಯೂದಿಲ್ಲೇನು ಅಂತ. ಯಾಕ ಕುಡಿಯೂದಿಲ್ಲ?"

ನಾವೆಲ್ಲ ಪುಸ್ತಕದ ಹಾಳೆ ತಿರುವತೊಡಗಿದೆವು.

"ಬಾಯಿ ಬಿಡ್ರಿ!"

ನಾನೇ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಗೋದಾಮಿನ ಸುತ್ತಮುತ್ತ ಮರೆ ಎಂಬುದಿರಲಿಲ್ಲ. ಒಂದು ಕಡೆ ಮರದ ಅಡ್ಡೆ, ಇನ್ನೊಂದು ಕಡೆ ಟ್ರಕ್ಕು ನಿಲ್ಲುವ ಬಯಲು. ಹುಡುಗರು ಎಲ್ಲಿಯೋ ಒಂದು ಕಡೆ ಹೋಗಿ ಬರುತ್ತಿದ್ದರು. ನಾವು ಮುಂಜಾನೆ ಎದ್ದಮೇಲೆ ನೀರು ಮುಟ್ಟದೆ ಸಾಲಿಗೆ ಬಂದು, ಸಂಜೆ ಮನೆಗೆ ಓಡುತ್ತಿದ್ದೆವು. ತಿಂಗಳ ಆ ದಿನಗಳಲ್ಲಿ ಬರುತ್ತಲೇ ಇರಲಿಲ್ಲ.

ಅಕ್ಕೋರು ಬೆರಳಿನ ಗಣ್ಣು ಲಟಲಟ ಮುರಿದರು. ಆಮೇಲೆ ಸಣ್ಣ ದನಿಯಲ್ಲಿ, "ನಾನೂ ಕುಡಿಯೂದಿಲ್ಲ" ಅಂದರು.

ಆಗ ಊರ ಹೊರಗಿನ ದಿಬ್ಬದ ಮೇಲೆ ನಮ್ಮ ಹೈಸ್ಕೂಲಿನ ಹೊಸ ಕಟ್ಟಡ ಏಳುತ್ತಿತ್ತು. ಅದೇ ವಾರ ಅಕ್ಕೋರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹೆಡ್ಮಾಸ್ತರರಿಗೆ ಸುಣ್ಣದ ಪಾಠ ಎಂದು ಹೇಳಿದ್ದರು. ಸುಳ್ಳಲ್ಲ. ದಿಬ್ಬ ಹತ್ತಿದ ಕೂಡಲೇ ಸುಣ್ಣ ಅರಳಿಸುವ ಕುಣಿಯ ಅಂಚಿಗೆ ನಿಲ್ಲಿಸಿದರು. ಆಳು ಕೊಡ ಬಗ್ಗಿಸಿದ. ತಣ್ಣೀರು ಬಿದ್ದ ಕಲ್ಲು ಬುಸುಗುಟ್ಟಿ, ಒಡೆದು, ಕುಣಿ ತುಂಬ ಕೊತಕೊತ ಕುದಿಯಿತು. ಕೆಳಗೆ ಬೆಂಕಿ ಇಲ್ಲ, ಹಬೆ ಮಾತ್ರ ಮೇಲೆ. ನಾವು ಬಾಯಿ ತೆರೆದು ನೋಡುತ್ತಿದ್ದರೆ ಅಕ್ಕೋರ ಕಣ್ಣು ಕುಣಿಯ ಮೇಲೆ ಇರಲಿಲ್ಲ. ಅರೆಬರೆ ಎದ್ದ ಕೆಂಪು ಕಲ್ಲಿನ ಗೋಡೆಗಳ ನಡುವೆ ಅದು ಓಡಾಡುತ್ತಿತ್ತು. ಆಮೇಲೆ ಅವರೇ ಓಡಾಡತೊಡಗಿದರು. ಒಂದು ಕೋಣೆಯಿಂದ ಇನ್ನೊಂದಕ್ಕೆ, ಗಾರೆಯ ಬುಟ್ಟಿ ಹೊತ್ತ ಹೆಂಗಸರಿಗೆ ದಾರಿ ಬಿಡುತ್ತ, ಕಲ್ಲಿನ ಗುಡ್ಡೆ ದಾಟುತ್ತ. ನಾವು ಹಿಂದೆ ಹಿಂದೆ.

ಕೆಲಸ ನೋಡಿಕೊಳ್ಳುವ ಓವರ್ಸಿಯರು ಎಳೆಯ ವಯಸ್ಸಿನವರು, ಉತ್ಸಾಹಿ. ವಿದ್ಯಾರ್ಥಿನಿಯರು ನೋಡಲು ಬಂದದ್ದೇ ಅವರಿಗೆ ಖುಷಿ. ನಕ್ಷೆಯನ್ನು ಕಲ್ಲಿನ ಮೇಲೆ ಬಿಡಿಸಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಜಲ್ಲಿ ಇಟ್ಟು ತೋರಿಸಿದರು. ಇದು ವರ್ಗ, ಇದು ಹೆಡ್ಮಾಸ್ತರರ ಕೋಣೆ, ಇದು ಕಚೇರಿ, ಇದು ಚಿತ್ರಕಲೆಗೆ, ಇದು ಗರಡಿಯ ಸಾಮಾನಿಗೆ. ಅಕ್ಕೋರು ಬಾಗಿ ನಕ್ಷೆಯ ಮೇಲೆ ಬೆರಳಾಡಿಸಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮತ್ತೆ ಹಿಂದಕ್ಕೆ.

"ಇದೇನ್ರಿ ಉದ್ದಕ?"

"ಸೈಕಲ್ ಶೆಡ್ ರೀ. ಮ್ಯಾಲೆ ಮಂಗಳೂರ ಹಂಚು."

"ಈ ಹುಡುಗ್ಯಾರು ಎಲ್ಲಿ ಹೋಗಬೇಕ್ರಿ?"

ಓವರ್ಸಿಯರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕಿವಿ ಕೆಂಪಾದವು. ನಕ್ಷೆಯ ಮೇಲೆ ಇಲ್ಲದ್ದನ್ನು ಹುಡುಕುವವರಂತೆ ಒಂದು ಕ್ಷಣ ನೋಡಿ, ಕೈಯನ್ನು ದಿಬ್ಬದ ಕೆಳಗೆ ತೋರಿಸಿದರು. "ಸುತ್ತ ಅಡವಿನ ಐತಲ್ರಿ…"

"ಸೈಕಲ್ಲಿಗೆ ಹಂಚಿನ ಮಾಡು, ಇವರಿಗೆ ಅಡವಿ. ಛಲೋ ಆತು" ಎಂದು ಅಕ್ಕೋರು ನೆಟ್ಟಗಾದರು. ಕೂಗಿ ಅನ್ನಲಿಲ್ಲ. ಕೂಗಿದ್ದರೆ ಆ ಹುಡುಗ ಓವರ್ಸಿಯರಿಗೆ ಅಷ್ಟು ನಾಟುತ್ತಿರಲಿಲ್ಲವೇನೋ. ನಾವು ದಿಬ್ಬ ಇಳಿಯುವವರೆಗೂ ಅವರು ಆ ನಕ್ಷೆಯನ್ನು ಮಡಚದೆ ಹಾಗೇ ನಿಂತಿದ್ದರು.

ಶಾಲೆ ನಡೆಸುವ ಮಂಡಳಿಯ ಅಧ್ಯಕ್ಷರು ಮರದ ವ್ಯಾಪಾರಿ. ಕೆಟ್ಟ ಮನುಷ್ಯರಲ್ಲ. ದಿಬ್ಬದ ಜಾಗ ಅವರೇ ಬಿಟ್ಟುಕೊಟ್ಟದ್ದು, ಬಾಗಿಲಿನ ಸಾಗವಾನಿಯೂ ಅವರದೇ. ಅಕ್ಕೋರು ಅವರ ಮನೆಗೆ ಹೋಗುವಾಗ ಜೊತೆಗೆ ನನ್ನನ್ನು ಕರೆದರು. ಅಧ್ಯಕ್ಷರು ತೂಗುಮಂಚದ ಮೇಲೆ ಕೂತು ಎಲ್ಲ ಕೇಳಿಕೊಂಡರು. ಅಕ್ಕೋರು ನಿಂತೇ ಹೇಳಿದರು.

"ಅಕ್ಕೋರ, ಕಟ್ಟಡ ಮುಗಿಯೂದ್ರಾಗ ಈ ಹುಡುಗ್ಯಾರಾಗ ಅರ್ಧಾ ಮಂದಿ ಲಗ್ನ ಆಗಿ ಹೋಗಿರ್ತಾವ. ಯಾರ ಸಲುವಾಗಿ ಕಟ್ಟಸೂದು?"

"ಕಟ್ಟಿಸಿದ್ರ ಉಳೀತಾವ್ರಿ."

"ನಕ್ಷೆ ಮ್ಯಾಲಿಂದ ಪಾಸ್ ಆಗಿ ಬಂದೈತಿ. ಮತ್ತ ಇಂಥಾ ವಿಷಯ ನಾಕು ಮಂದಿಯೊಳಗ ಇಟಗೊಂಡು ಮಾತಾಡೂದು ಛಂದ ಕಾಣೂದಿಲ್ಲ."

ಒಳಗಿನಿಂದ ಅವರ ಹೆಂಡತಿ ಚಹಾ, ತಂಬಿಗೆಯಲ್ಲಿ ನೀರು ತಂದರು. ಅಕ್ಕೋರು ಚಹಾ ಮುಟ್ಟದೆ ತಂಬಿಗೆಯ ನೀರನ್ನಷ್ಟೇ ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟರು. ಆ ತಾಯಿ ಖಾಲಿ ತಂಬಿಗೆಯನ್ನೂ ಅಕ್ಕೋರ ಮುಖವನ್ನೂ ನೋಡಿ ಒಳಗೆ ಹೋದರು.

ಶಾಂತಾ ಮತ್ತೆ ಸಾಲಿಗೆ ಬರಲಿಲ್ಲ. ಅಕ್ಕೋರು ಅವಳ ಮಾವನ ಅಂಗಡಿಗೆ ಹೋಗಿ ನಿಂತರು. ಮಾವ ದುಡ್ಡಿನ ಗಲ್ಲೆಯ ಹಿಂದಿನಿಂದ ಎದ್ದು ಕೈ ಮುಗಿದು, ಮರ್ಯಾದೆಯಿಂದಲೇ ಹೇಳಿದರು: "ಹುಡುಗಿ ಶ್ಯಾಣ್ಯಾ ಅದಾಳ, ಖರೇ. ಆದ್ರ ಮಂದಿ ಹುಡುಗಿ, ನನ್ನ ಮನ್ಯಾಗಿದ್ದು ಏನರ ಆದ್ರ ತಂಗಿಗೆ ಏನ್ ಹೇಳ್ಲಿ? ಹೊಸಾ ಸಾಲ್ಯಾಗ ಎಲ್ಲಾ ಅನುಕೂಲ ಇದ್ರ ಕಳಸ್ತೇನ್ರಿ. ಮಾತು ಕೊಡ್ತೇನಿ."

ಆ ಮಾತು ಅಕ್ಕೋರನ್ನು ಹಿಡಿದುಬಿಟ್ಟಿತು. ಅಂದಿನಿಂದ ಅವರಿಗೆ ನೆಮ್ಮದಿ ಎಂಬುದಿರಲಿಲ್ಲ. ಪಾಠದ ನಡುವೆ ನಿಂತು ಕಿಟಕಿಯ ಆಚೆ ದಿಬ್ಬದ ಕಡೆ ನೋಡುವರು. ಸಾಲಿ ಬಿಟ್ಟ ಮೇಲೆ ದಿಬ್ಬ ಹತ್ತಿ, ಗೋಡೆ ಎಷ್ಟು ಎದ್ದಿದೆ ನೋಡಿ ಬರುವರು. ಗೋಡೆ ಏರಿದಷ್ಟೂ ಅವರ ಮುಖ ಇಳಿಯುತ್ತಿತ್ತು. "ಮಾಡು ಕೂತ್ರ ಮುಗೀತು, ಮತ್ಯಾರೂ ಏನೂ ಸೇರಸೂದಿಲ್ಲ" ಎಂದು ತಮ್ಮಷ್ಟಕ್ಕೆ ಅನ್ನುವರು. ನಮಗೂ ಕೂತಲ್ಲಿ ಕೂಡಲಾಗದು. ಅವರ ತಳಮಳ ನಮ್ಮ ಬೆಂಚಿಗೆ ಹತ್ತಿಕೊಂಡಿತ್ತು.

ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವ ಪೂಜೆಗೆ ಊರಿನ ಹಿರಿಯರೆಲ್ಲ ಬಂದರು. ಮಾವಿನ ತೋರಣ, ಚೌಕಟ್ಟಿಗೆ ಅರಿಶಿನ ಕುಂಕುಮ, ತಲೆಗೆ ಹೊಸ ಪಟಕಾ ಸುತ್ತಿದ ಅಧ್ಯಕ್ಷರು. ಅಪ್ಪ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದರು. ಅವ್ವ ಅದೇನು ನೆವ ಹೇಳಿಯೋ ಬಂದಿರಲಿಲ್ಲ. ಕೆಲಸದ ಹೆಂಗಸರು ಬುಟ್ಟಿ ಇಳಿಸಿ ಒಂದು ಬದಿ ನಿಂತಿದ್ದರು. ಕಾಯಿ ಒಡೆದಾಯಿತು. ಹೆಡ್ಮಾಸ್ತರರು ಮಾತಾಡಿದರು, ಇನ್ಯಾರೋ ಮಾತಾಡಿದರು. ಕೊನೆಗೆ, ವಿದ್ಯಾರ್ಥಿನಿಯರ ಪರವಾಗಿ ಅಕ್ಕೋರು ಎರಡು ಮಾತು ಆಡಬೇಕೆಂದು ಹೆಡ್ಮಾಸ್ತರರು ಕರೆದರು. ವಂದನೆ ಹೇಳಿ ಆಭಾರ ಮನ್ನಿಸುವುದಷ್ಟೇ ಆ ಎರಡು ಮಾತಿನ ಅರ್ಥ.

ಅಕ್ಕೋರು ಚೌಕಟ್ಟಿನ ಹತ್ತಿರ ಬಂದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ಜಾಗ ಕೊಟ್ಟವರಿಗೆ, ಕಟ್ಟಸಾಕ ಹತ್ತಿದವರಿಗೆ ನಮಸ್ಕಾರ. ಕಟ್ಟಡ ಭಾಳ ಛಂದ ಐತಿ. ಇದರಾಗ ಹುಡುಗ್ಯಾರಿಗೆ ಸಂಡಾಸ ಇಲ್ಲ. ಹುಡುಗ್ಯಾರು ದಿನಾ ನೀರು ಕುಡೀಲಾರದ ಸಾಲಿ ಕಲಿಯಾಕ ಹತ್ಯಾರ. ಒಬ್ಬಾಕಿ ಬಿದ್ದು ಸಾಲಿ ಬಿಟ್ಟಳು. ಉಳಿದವರೂ ಬಿಡ್ತಾರ. ಇನ್ನೂ ಗ್ವಾಡಿ ಹಸಿ ಐತಿ, ಈಗ ಕಟ್ಟಿಸ್ರಿ ಅಂತ ಎಲ್ಲಾರಿಗೂ ಕೈ ಮುಗದು ಕೇಳ್ತೇನಿ."

ಆ ಶಬ್ದ ಅಷ್ಟು ಜನರ ನಡುವೆ, ಊದಿನಕಡ್ಡಿಯ ಹೊಗೆಯಲ್ಲಿ, ಬಿದ್ದುಬಿಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕು ತಡೆದುಕೊಂಡರು. ಹೆಡ್ಮಾಸ್ತರರು ಕಣ್ಣು ಮುಚ್ಚಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಜೊತೆಗೇ ಎದೆಯಲ್ಲಿ ಏನೋ ಕುಣಿಯುತ್ತಿತ್ತು. ಆಗ ಬದಿಯಲ್ಲಿ ನಿಂತಿದ್ದ ಕೆಲಸದ ಹೆಂಗಸರೊಳಗೆ ವಯಸ್ಸಾದ ಒಬ್ಬಳು ಗಟ್ಟಿಯಾಗಿ, "ಖರೇ ಹೇಳಿದ್ರಿ ಯವ್ವಾ. ನಾವು ದಿನಾ ಅನುಭೋಗಸಾಕ ಹತ್ತೇವಿ" ಅಂದಳು. ಉಳಿದವರು ತಲೆಯಾಡಿಸಿದರು.

"ಆತು, ಆತು. ಪ್ರಸಾದ ತಗೋರ್ರಿ ಎಲ್ಲಾರೂ" ಎಂದು ಅಧ್ಯಕ್ಷರು ತಿರುಗಿಬಿಟ್ಟರು. ಕುತ್ತಿಗೆಯವರೆಗೆ ಕೆಂಪೇರಿತ್ತು.

ಮನೆಯಲ್ಲಿ ಅಪ್ಪ ಕೋಟು ಬಿಚ್ಚುವ ಮೊದಲೇ ಸಿಡಿದರು. "ದೇವರ ಮುಂದ ಅಂಥಾ ಮಾತು ಆಡ್ತಾರೇನು? ಹೆಣ್ಣ ಹೆಂಗಸು!"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು. "ಮತ್ತ ಎಲ್ಲಿ ಆಡಬೇಕಾಗಿತ್ತು?"

ಅಪ್ಪ ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿದರು. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಮರುದಿನ ಮಧ್ಯಾಹ್ನ ಅವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅಧ್ಯಕ್ಷರ ಮನೆಗೆ ಹೋದಳು. ನೆವ ಅರಿಶಿನ ಕುಂಕುಮ. ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಹೋಗಿದ್ದರು. ಒಳಗೆ ಏನು ಮಾತಾಯಿತೆಂದು ಅವ್ವ ಪೂರ್ತಿ ಹೇಳಲಿಲ್ಲ. ಅಧ್ಯಕ್ಷರ ಹೆಂಡತಿ ಅಂದದ್ದನ್ನು ಮಾತ್ರ ಹೇಳಿದಳು: "ನನ್ನ ಮಗಳು ಸಾಲಿ ಬಿಟ್ಟದ್ದೂ ಇದಕ್ಕ. ಆಕಿ ಅಪ್ಪಗ ಇವತ್ತಿಗೂ ಗೊತ್ತಿಲ್ಲ. ಓದಾಕ ಮನಸ್ಸಿಲ್ಲ ಅಂತ ತಿಳಕೊಂಡಾರ."

ಆ ಮನೆಯಲ್ಲಿ ಆಮೇಲೆ ಏನು ನಡೆಯಿತೋ ನನಗೆ ತಿಳಿಯದು. ಮಂಡಳಿಯಲ್ಲಿ ನಡೆದದ್ದು ಊರಿಗೆಲ್ಲ ತಿಳಿಯಿತು. ಪವಿತ್ರ ಸಮಾರಂಭದಲ್ಲಿ ಅಸಭ್ಯ ಮಾತು ಆಡಿದ್ದಕ್ಕೆ ಅಕ್ಕೋರು ಕ್ಷಮೆ ಕೇಳಬೇಕು ಎಂದು ಕೆಲವರು ಪಟ್ಟು ಹಿಡಿದರು. ಅಕ್ಕೋರು ಹೇಳಿದ್ದು ಇಷ್ಟೇ: "ಯಾವ ಶಬ್ದ ತಪ್ಪು ತೋರಸ್ರಿ, ತಿದ್ದತೇನಿ."

ಯಾರು ತೋರಿಸುತ್ತಾರೆ? ತೋರಿಸಬೇಕೆಂದರೆ ಅವರೂ ಆ ಶಬ್ದವನ್ನು ಆಡಬೇಕಲ್ಲ. ಪರೀಕ್ಷೆ ಮುಗಿದ ಮೇಲೆ ಮುಂದಿನ ವರ್ಷಕ್ಕೆ ಬೇಡ ಎಂದು ತಿಳಿಸಿದರು.

ಬಸ್ ನಿಲ್ದಾಣಕ್ಕೆ ನಾವು ಹುಡುಗಿಯರೆಲ್ಲ ಹೋಗಿದ್ದೆವು. ಟ್ರಂಕು ಬಸ್ಸಿನ ಮೇಲೆ ಏರಿತ್ತು. ಅಕ್ಕೋರು ಬಸ್ಸಿನ ಸುತ್ತ ತಿರುಗುತ್ತಿದ್ದರು. ಅಳುತ್ತಿದ್ದ ನಮ್ಮನ್ನು ನೋಡಿ ಅವರಿಗೆ ಸಿಟ್ಟೇ ಬಂತು. "ಅಳಬ್ಯಾಡ್ರಿ, ಕೆಲಸ ನೋಡ್ರಿ. ಶಾಂತಾನ ಬಿಡಬ್ಯಾಡ್ರಿ. ಆಕಿ ಮಾವ ಮಾತು ಕೊಟ್ಟಾನ, ಕೇಳ್ರಿ." ಬಸ್ಸು ಹೊರಟಾಗಲೂ ಕೂತಿರಲಿಲ್ಲ. ಕಂಬಿ ಹಿಡಿದು ನಿಂತು ದಿಬ್ಬದ ಕಡೆ ಬಗ್ಗಿ ನೋಡುತ್ತಿದ್ದರು. ಅಲ್ಲಿ ಆಗ ಮಾಡಿಗೆ ತೊಲೆ ಏರಿಸುತ್ತಿದ್ದರು. ಹೊಸದಾಗಿ ಬೇರೇನೂ ಎದ್ದಿರಲಿಲ್ಲ.

ಎದ್ದದ್ದು ಅವರು ಹೋದ ಮೇಲೆ. ಒಂದು ದಿನ ಓವರ್ಸಿಯರು ಸೈಕಲ್ ಶೆಡ್ಡಿನ ಅರ್ಧಕ್ಕೆ ಅಡ್ಡಗೋಡೆ ಹಾಕಿಸಿದರು. ಯಾರ ಅಪ್ಪಣೆ ಎಂದು ಯಾರೂ ಕೇಳಲಿಲ್ಲ, ಅಧ್ಯಕ್ಷರೂ ಹೇಳಲಿಲ್ಲ. ಕೆಂಪು ಕಲ್ಲಿನ ಗೋಡೆ, ಮುಂದೆ ಮರೆಗೋಡೆ, ಕೈ ತೊಳೆಯಲು ಹಂಡೆ, ಸಾಗವಾನಿಯ ಬಾಗಿಲು. ನಾನೂ ನನ್ನವ್ವನೂ ಶಾಂತಾಳ ಮಾವನ ಹತ್ತಿರ ಓಡಿದೆವು. ಮಾವ ಗಲ್ಲೆಯ ಮೇಲೆ ತಲೆ ತಗ್ಗಿಸಿದರು. ಆ ಬೇಸಿಗೆಯಲ್ಲೇ ಅವಳನ್ನು ಲಗ್ನ ಮಾಡಿ ಕೊಟ್ಟಾಗಿತ್ತು. ಊರಿಗೆ ಕರೆಸಿಕೊಂಡು, ಪಕ್ಕದ ಹಳ್ಳಿಗೇ. ಮಾತು ತಪ್ಪಬೇಕೆಂದು ಮಾಡಿದ್ದಲ್ಲ. ಮಾವನನ್ನು ಯಾರೂ ಕೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ, ಸೋದರತ್ತೆಯ ಊರೆಂದು ಮುಂಡಗೋಡಕ್ಕೆ ಹೋಗಿದ್ದೆ. ಸಂತೆಯ ದಿನ. ಗಡಿಯಾಚೆಯಿಂದ ಬಂದು ಊರ ಹೊರಗೆ ಹೊಸದಾಗಿ ನೆಲೆ ನಿಂತಿದ್ದ ಟಿಬೆಟಿನ ಜನ ಕಾಯಿಪಲ್ಲೆಯವಳ ಮುಂದೆ ಕೈಸನ್ನೆಯಲ್ಲಿ ಒದ್ದಾಡುತ್ತಿದ್ದರು. ಅವರ ನಡುವೆ ನಿಂತು "ಇದು ಬದನೀಕಾಯಿ. ಅನ್ರಿ, ಬದನೀಕಾಯಿ!" ಎಂದು ಗದರಿಸುತ್ತಿದ್ದ ದನಿ ಕೇಳಿ ನನ್ನ ಕಾಲು ನಿಂತವು. ಕೂದಲು ನರೆತಿತ್ತು, ಸೆರಗು ಸೊಂಟದಲ್ಲಿತ್ತು.

ನನ್ನನ್ನು ಗುರುತಿಸಲು ಅವರಿಗೆ ಹೊತ್ತು ಬೇಕಾಗಲಿಲ್ಲ. "ಶಾಂತಾ?" ಅನ್ನುವುದೇ ಮೊದಲ ಮಾತು. ಹೇಳಿದೆ. ಎರಡು ಮಕ್ಕಳ ತಾಯಿ ಎಂದೂ ಹೇಳಿದೆ. ಅವರು ಕೈಯಲ್ಲಿದ್ದ ಬದನೆಕಾಯಿಯನ್ನು ತಿರುಗಿ ಬುಟ್ಟಿಗೆ ಇಟ್ಟರು. ಅವರನ್ನು ಸಮಾಧಾನ ಮಾಡಬೇಕೆಂದು ನಾನು ದಿಬ್ಬದ ಮೇಲಿನ ಕಟ್ಟಡದ ವರ್ಣನೆಗೆ ಇಳಿದೆ. ಅಡ್ಡಗೋಡೆ, ಮರೆಗೋಡೆ, ಹಂಡೆ, ಈಗ ಎರಡು ಬೆಂಚು ತುಂಬ ಹುಡುಗಿಯರು.

"ಬಾಗಲಕ್ಕ ಒಳಗ ಚಿಲಕ ಐತೇನು?" ಎಂದು ನಡುವೆ ಕೇಳಿದರು.

ಇರಲಿಲ್ಲ. ಹೊರಗೆ ಕೊಂಡಿ ಇತ್ತು, ರಜೆಯಲ್ಲಿ ಕೀಲಿ ಹಾಕಲು. ಒಳಗೆ ಏನೂ ಇರಲಿಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಒಳಗಿನವಳು ಅವಸರದಲ್ಲೇ ಹೊರಗೆ ಬರಬೇಕಿತ್ತು. ನನ್ನ ಕಾಲದಲ್ಲೂ ಹಾಗೇ. ಅದನ್ನು ನಾವು ಕೊರತೆ ಎಂದು ತಿಳಿದಿರಲೇ ಇಲ್ಲ.

ಅಕ್ಕೋರು ನನ್ನ ಮಣಿಕಟ್ಟು ಹಿಡಿದು ಸಂತೆಯ ಆಚೆ ಕಬ್ಬಿಣದ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದರು. ಇದಲ್ಲ, ಅದಲ್ಲ ಎಂದು ಒಂದೊಂದನ್ನೂ ಎಳೆದು ಬಿಟ್ಟು ನೋಡಿ, ಒಂದು ದಪ್ಪ ಚಿಲಕ ಆರಿಸಿ, ಮೊಳೆಯ ಸಮೇತ ಕಾಗದದಲ್ಲಿ ಸುತ್ತಿಸಿ ನನ್ನ ಕೈಯಲ್ಲಿಟ್ಟರು. "ಹಚ್ಚಿಸು. ಯಾರನ್ನೂ ಕೇಳಾಕ ಹೋಗಬ್ಯಾಡ." ಊಟಕ್ಕೆ ಬಾ ಎನ್ನಲಿಲ್ಲ. ಅಲ್ಲಿನ ಶಾಲೆಯಲ್ಲಿ ಅವರಿಗೆ ಪಾಠದ ಹೊತ್ತಾಗಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಹೋಗಿಬಿಟ್ಟರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ದಾಂಡೇಲಿಗೆ ಹೋದ ಮರುದಿನವೇ ಪರಿಚಯದ ಬಡಿಗನನ್ನು ಕರೆದುಕೊಂಡು ದಿಬ್ಬ ಹತ್ತಿದೆ. ನಡುಬಿಡುವಿನ ಹೊತ್ತು. ನನಗೆ ಗುರುತಿಲ್ಲದ ಹುಡುಗಿಯರು, ಎರಡು ಜಡೆಯವರು, ಒಂದು ಜಡೆಯವರು, ಬಡಿಗನ ಸುತ್ತ ನೆರೆದರು. ಅವನು ಕೊನೆಯ ಮೊಳೆ ಹೊಡೆದು ಎಳೆದು ತೋರಿಸಿ ಹೋದ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಎಲ್ಲರಿಗಿಂತ ಸಣ್ಣವಳೊಬ್ಬಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಖಟ್ಟನೆ ಬಿತ್ತು.

ಹೊರಗಿನವರು ಕಾದರು. ಪಾಠದ ಗಂಟೆ ಬಾರಿಸುವ ಹೊತ್ತಾಗುತ್ತ ಬಂತು. ಒಬ್ಬಳು ಬಾಗಿಲು ಬಡಿದಳು. "ಏ, ಸಾಕು ಬಾರೇ ಹೊರಗ! ಎಷ್ಟೊತ್ತು?"

ಒಳಗಿನಿಂದ ಆ ಸಣ್ಣ ದನಿ, ತಣ್ಣಗೆ: "ತಡೀರಿ. ನನಗೇನ್ ಅವಸರಿಲ್ಲ."